ಅಪ್ಪನ ಬೆನ್ನಿಗೊಂದು ಗಾಳಿ ಹಾಸಿಗೆ

ಕೊರಿಯರ್ ಹುಡುಗ ಕೊಟ್ಟುಹೋದ ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಒಂದು ಲೀಟರ್ ನೀರಿನ ಬಾಟಲಿಗಿಂತ ಸ್ವಲ್ಪ ದಪ್ಪನೆಯ ಸುರುಳಿ. ಅಡುಗೆಮನೆ ತಕ್ಕಡಿ ಮೇಲಿಟ್ಟೆ, 510 ಗ್ರಾಂ.

"ಏನೇ ಅದು?" ಅಂದ್ರು ಅಮ್ಮ.

"ಹಾಸಿಗೆ."

"ಯಾರಿಗೆ, ಬೆಕ್ಕಿಗಾ?"

ಬೆಕ್ಕಿಗಲ್ಲ, ಅಪ್ಪನಿಗೆ. ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಸ್ಟಿಯರಿಂಗ್ ಹಿಡಿದು ರಿಟೈರ್ ಆದ ಮನುಷ್ಯ. ಇಷ್ಟು ವರ್ಷದಲ್ಲಿ ಸಾವಿರಾರು ಜನರನ್ನ ಊರೂರಿಗೆ ಮುಟ್ಟಿಸಿದ್ದಾರೆ, ಅವರು ಮಾತ್ರ ಕರ್ನಾಟಕ ದಾಟಿದ್ದು ತಿರುಪತಿಗೆ. ನಮ್ಮ ಆಫೀಸ್ ಗ್ಯಾಂಗ್ ಮಾರ್ಚ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದೆ ಅಂತ ಊಟದ ಹೊತ್ತಲ್ಲಿ ಹೇಳಿದ್ದೇ ತಡ, ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿ, "ಪುಟ್ಟಿ, ನಾನೂ ಒಂದ್ಸಲ ಹಿಮ ನೋಡ್ಬೇಕು ಕಣೇ" ಅಂದ್ರು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ನೆನಪಿರೋ ಹಾಗೆ ಇದೇ ಮೊದಲು.

ಕೇದಾರಕಂಠ ಸುಮಾರು 12,500 ಅಡಿ. ಸಾಂಕ್ರಿ ಅನ್ನೋ ಹಳ್ಳಿಯಿಂದ ನಡೆಯೋಕೆ ಶುರು, ದಾರಿಯಲ್ಲಿ ಟೆಂಟ್‌ನಲ್ಲಿ ಮಲಗೋದು, ಕೊನೇ ದಿನ ನಡುರಾತ್ರಿ ಕಳೆದ ಮೇಲೆ ಎದ್ದು ಶಿಖರ ಹತ್ತೋದು. ಅಪ್ಪನಿಗೆ ನಡಿಗೆ ಸಮಸ್ಯೆ ಅಲ್ಲ. ದಿನಾ ಬೆಳಿಗ್ಗೆ ಉಪ್ಪಾರಹಳ್ಳಿಯಿಂದ ಆರು ಕಿಲೋಮೀಟರ್ ವಾಕ್ ಮಾಡ್ತಾರೆ, ವಾರಕ್ಕೊಮ್ಮೆ ದೇವರಾಯನದುರ್ಗದ ಮೆಟ್ಟಿಲು. ಡಾಕ್ಟರೂ ಎಲ್ಲ ಟೆಸ್ಟ್ ನೋಡಿ ಹೂಂ ಅಂದಿದ್ದಾರೆ. ಸಮಸ್ಯೆ ಇರೋದು ಸೊಂಟದ ಡಿಸ್ಕ್‌ನಲ್ಲಿ, ಡ್ರೈವರ್ ಸೀಟು ಕೊಟ್ಟ ಉಡುಗೊರೆ. ಗಟ್ಟಿ ನೆಲದ ಮೇಲೆ ಒಂದು ರಾತ್ರಿ ಮಲಗಿದರೆ ಮಾರನೇ ದಿನ ಬಗ್ಗಿ ಚಪ್ಪಲಿ ಹಾಕೋಕೂ ಆಗಲ್ಲ. ಸಾಲದ್ದಕ್ಕೆ ಅಲ್ಲಿ ನೆಲ ಅಂದ್ರೆ ಹಿಮ. ಮೂರು ರಾತ್ರಿ ನಿದ್ದೆ ಕೆಟ್ಟರೆ ಶಿಖರ ಬಿಡಿ, ವಾಪಸ್ ಇಳಿಯೋದೂ ಕಷ್ಟ. "ಬೆನ್ನು ಹಿಡ್ಕೊಂಡ್ರೆ ಅಲ್ಲಿಂದ ಹೊತ್ಕೊಂಡು ಬರೋರು ಯಾರು?" ಅನ್ನೋ ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಅರ್ಧ ಕೆಜಿ ಹಾಸಿಗೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಬೆಟ್ಟ ಹತ್ತೋರಿಗೆ ಈ ಸ್ಲೀಪಿಂಗ್ ಪ್ಯಾಡ್ ಬೇಕಾಗಿಲ್ಲ. ಸಿದ್ಧರ ಬೆಟ್ಟ, ಮಧುಗಿರಿ, ಕುಣಿಗಲ್ ಕಡೆ ಹುತ್ರಿದುರ್ಗ, ಎಲ್ಲವೂ ಬೆಳಿಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರೋ ಬೆಟ್ಟಗಳು. ಪಶ್ಚಿಮಘಟ್ಟದ ಕಾಡುಗಳಲ್ಲಿ ಸಿಕ್ಕಲ್ಲಿ ಟೆಂಟ್ ಹಾಕೋ ಕಾಲ ಮುಗಿದಿದೆ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಷ್ಟು ಜನ ಸೇರಿದ ವಿಡಿಯೋ ನೀವೂ ನೋಡಿರ್ತೀರಿ, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿತು. ಹೋಮ್‌ಸ್ಟೇ ಜಗುಲಿಯಲ್ಲಿ ಮಲಗೋಕೆ ಯೋಗ ಮ್ಯಾಟ್ ಸಾಕು. ಹಾಗಾಗಿ ಇನ್‌ಸ್ಟಾಗ್ರಾಂ ನೋಡಿ ಆರ್ಡರ್ ಮಾಡೋಕೆ ಮುಂಚೆ ಎಲ್ಲಿ ಮಲಗ್ತೀನಿ ಅಂತ ಕೇಳಿಕೊಳ್ಳಿ.

ಇನ್ನು ಹಿಮದ ಮೇಲೆ ಮಲಗೋ ವಿಷಯ. ಪ್ಯಾಡ್ ಅಂದ್ರೆ ಮೆತ್ತಗಿರೋಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದರ ಮೊದಲ ಕೆಲಸ ಮೆತ್ತಗಿರೋದಲ್ಲ, ನೆಲ ನಮ್ಮ ಮೈಯ ಶಾಖ ಹೀರದ ಹಾಗೆ ತಡೆಯೋದು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿರೋದು ಅದರ ಪುಕ್ಕ ಅಥವಾ ಹತ್ತಿಯಂಥ ನಾರಿನ ಮಧ್ಯೆ ನಿಂತಿರೋ ಗಾಳಿಯಿಂದ. ನಾವು ಮೇಲೆ ಮಲಗಿದ ತಕ್ಷಣ ಬೆನ್ನ ಕೆಳಗಿನ ಭಾಗ ಚಪ್ಪಟೆ ಆಗುತ್ತೆ, ಗಾಳಿ ಹೋಗುತ್ತೆ. ಮೈನಸ್ ಹತ್ತು ಡಿಗ್ರಿಯ ಬ್ಯಾಗ್ ಇದ್ರೂ ಬೆನ್ನಿಗೆ ಸಿಗೋದು ಎರಡು ಪದರ ನೈಲಾನ್ ಅಷ್ಟೇ. ಆ ಜಾಗ ಕಾಯಬೇಕಾದ್ದು ಪ್ಯಾಡ್.

ಇದನ್ನ ಅಳೆಯೋಕೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಇದೆ. ಒಂದು ಬಿಸಿ ತಟ್ಟೆ, ಒಂದು ತಣ್ಣನೆ ತಟ್ಟೆ, ಮಧ್ಯೆ ಪ್ಯಾಡ್. ಬಿಸಿ ತಟ್ಟೆಯನ್ನ ಅದೇ ಬಿಸಿಯಲ್ಲಿ ಇಡೋಕೆ ಎಷ್ಟು ಕರೆಂಟ್ ಬೇಕು ಅನ್ನೋದರ ಮೇಲೆ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ಶಾಖ ಸೋರೋದು ಕಡಿಮೆ. ಮೊದಲು ಒಂದೊಂದು ಕಂಪನಿ ಒಂದೊಂದು ಥರ ಅಳೀತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನೋ ಮಾನದಂಡ ಬಂದ ಮೇಲೆ ಬೇರೆ ಬೇರೆ ಕಂಪನಿಯ ಪ್ಯಾಡ್‌ಗಳನ್ನ ಹೋಲಿಸೋಕೆ ಸಾಧ್ಯ ಆಯ್ತು. ಅಂದಾಜಿಗೆ, ಬೇಸಿಗೆಗೆ ಎರಡರ ಒಳಗಿದ್ರೂ ನಡೆಯುತ್ತೆ, ಚಳಿ ರಾತ್ರಿಗೆ ಮೂರು-ನಾಲ್ಕು ಬೇಕು, ಹಿಮದ ಮೇಲಾದ್ರೆ ಐದರ ಆಸುಪಾಸು ಅಥವಾ ಹೆಚ್ಚು. ಎಷ್ಟೋ ಅಗ್ಗದ ಪ್ಯಾಡ್‌ಗಳ ಪೇಜಿನಲ್ಲಿ "ಅಲ್ಟ್ರಾ ಕಂಫರ್ಟ್", "ಮಿಲಿಟರಿ ಗ್ರೇಡ್" ಎಲ್ಲ ಇರುತ್ತೆ, ಈ ಒಂದು ಸಂಖ್ಯೆ ಮಾತ್ರ ಇರಲ್ಲ. ಆ ಸಂಖ್ಯೆ ಇಲ್ಲದ ಪ್ಯಾಡನ್ನ ನಾನು ಈಜುಕೊಳದ ಆಟಿಕೆ ಅಂತಲೇ ಲೆಕ್ಕ ಹಾಕ್ತೀನಿ.

ದಪ್ಪ ಇದ್ರೆ ಬೆಚ್ಚಗಿರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಸಹೋದ್ಯೋಗಿಯೊಬ್ಬಳ ಹತ್ತಿರ ಏಳು ಸೆಂಟಿಮೀಟರ್ ದಪ್ಪದ, ಒಳಗೆ ಬರೀ ಗಾಳಿ ಇರೋ ಪ್ಯಾಡ್ ಇತ್ತು, ಇಸ್ಕೊಂಡು ಬಂದೆ. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ಗಾಳಿ ಸುಮ್ಮನೆ ನಿಲ್ಲಲ್ಲ, ಮೈಯ ಶಾಖ ಕೆಳಕ್ಕೆ ದಾಟ್ತಾನೇ ಇರುತ್ತೆ. ದುಬಾರಿ ಪ್ಯಾಡ್‌ಗಳು ಒಳಗೆ ನಾರಿನ ಪದರವನ್ನೋ, ಹೊಳೆಯೋ ತೆಳು ಹಾಳೆಯನ್ನೋ ಇಟ್ಟು ಗಾಳಿಯನ್ನ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಕೂಡಿಹಾಕುತ್ತವೆ. ದುಡ್ಡು ಕೊಡೋದು ಅದಕ್ಕೇ. ಮೂರು ಸಾವಿರದ ಪ್ಯಾಡ್‌ಗೂ ಹದಿನೈದು-ಇಪ್ಪತ್ತು ಸಾವಿರದ ಪ್ಯಾಡ್‌ಗೂ ವ್ಯತ್ಯಾಸ ಏನು ಅಂತ ಕೇಳಿದ್ದವರಿಗೆ ಇದೇ ಉತ್ತರ.

ಇದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸಿ ಅಪ್ಪನಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಅಂದ್ರೆ ಹುಲ್ಲು" ಅಂದ್ರು.

ನಮ್ಮ ತಾತ ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ದನಗಳ ಜಾತ್ರೆಗೆ ಎತ್ತು ಹೊಡ್ಕೊಂಡು ಬರ್ತಿದ್ರಂತೆ. ರಾತ್ರಿ ಎತ್ತಿನ ಪಕ್ಕದಲ್ಲೇ ಮಲಗೋದು. ಕೆಳಗೆ ಮೊಣಕಾಲೆತ್ತರ ಒಣಹುಲ್ಲು, ಅದರ ಮೇಲೆ ಗೋಣಿಚೀಲ, ಹೊದೆಯೋಕೆ ಕಂಬಳಿ. "ಹೊದ್ದಿದ್ದು ತೆಳ್ಳಗಿದ್ರೂ ಪರ್ವಾಗಿಲ್ಲ, ಹಾಸಿದ್ದು ತೆಳ್ಳಗಿರಬಾರದು ಅಂತಿದ್ರು ನಮ್ಮಪ್ಪ" ಅಂದ್ರು. ಆಮೇಲೆ ನೈಟ್ ಹಾಲ್ಟ್ ಬಸ್ಸಿನ ಕಥೆ. ಕೊನೇ ಟ್ರಿಪ್ ಮುಗಿಸಿ ಯಾವುದೋ ಹಳ್ಳಿಯಲ್ಲಿ ಬಸ್ ನಿಲ್ಲಿಸಿ ಒಳಗೇ ಮಲಗೋದು. ಚಳಿಗಾಲದಲ್ಲಿ ಬಸ್ಸಿನ ತಗಡಿನ ನೆಲ ಐಸ್ ಆಗಿರ್ತಿತ್ತಂತೆ. ಅಪ್ಪ, ಕಂಡಕ್ಟರ್ ಇಬ್ಬರೂ ಹಳೇ ಪೇಪರ್ ಕೂಡಿಟ್ಟು, ಹತ್ತು ಹದಿನೈದು ಪದರ ಹಾಸಿ, ಮೇಲೆ ಜಮಖಾನ ಹಾಕ್ತಿದ್ರಂತೆ. ಪೇಪರ್ ಮಡಿಕೆಗಳ ಮಧ್ಯೆ ನಿಂತ ಗಾಳಿ. ನಾನು ಅರ್ಧ ಗಂಟೆ ತಗೊಂಡು ಹೇಳಿದ್ದನ್ನ ಅವರು ಮೂವತ್ತು ಚಳಿಗಾಲ ಮಾಡಿದ್ದಾರೆ.

ಜನವರಿ ಎರಡನೇ ವಾರ ತಾರಸಿ ಮೇಲೆ ಟೆಸ್ಟಿಂಗ್ ಶುರು. ಬೆಳಗಿನ ಜಾವ ನಮ್ಮ ಥರ್ಮಾಮೀಟರ್‌ನಲ್ಲಿ 15 ಡಿಗ್ರಿ, ಕಾಂಕ್ರೀಟು ಕಾಲಿಗೆ ಚುರ್ ಅನ್ನೋಷ್ಟು ತಣ್ಣಗೆ. ಮೊದಲ ರಾತ್ರಿ ಸಹೋದ್ಯೋಗಿಯ ಬರೀ ಗಾಳಿಯ ಪ್ಯಾಡ್. ಅಪ್ಪನ ಬೆನ್ನಿಗೆ ಮೆತ್ತಗಿತ್ತು, ಆದರೆ ನಾಲ್ಕು ಗಂಟೆಗೆ ಎದ್ದು ಕೂತಿದ್ರು. "ಕೆಳಗಿಂದ ಫ್ಯಾನ್ ಹಾಕ್ದಂಗೆ ಐತೆ." ಹದಿನೈದು ಡಿಗ್ರಿಗೇ ಹೀಗಾದ್ರೆ ಸೊನ್ನೆಯ ಕೆಳಗೆ ಹೇಗೆ ಅಂತ ಅದನ್ನ ಅಲ್ಲಿಗೇ ಮಡಚಿಟ್ಟೆ.

ಎರಡನೇ ರಾತ್ರಿ ಬರೀ ಫೋಮ್ ಮ್ಯಾಟ್, ಟ್ರೆಕ್ಕಿಂಗ್ ಕಂಪನಿಗಳು ಸಾಮಾನ್ಯವಾಗಿ ಕೊಡೋ ಥರದ್ದು. ಚಳಿ ಬರಲಿಲ್ಲ. ಬೆಳಿಗ್ಗೆ ಅಪ್ಪ ಏಳಬೇಕಾದ್ರೆ ಪ್ಯಾರಪೆಟ್ ಗೋಡೆ ಹಿಡ್ಕೊಂಡು ಎದ್ರು. ಅಮ್ಮ ಮೆಟ್ಟಿಲ ಹತ್ತಿರ ನಿಂತು ನೋಡಿದ್ರು, ಏನೂ ಹೇಳಲಿಲ್ಲ. ಅವತ್ತು ಇಡೀ ದಿನ ಮನೆಯಲ್ಲಿ ಹಿಮದ ಮಾತು ಬರಲಿಲ್ಲ.

ಮೂರನೇ ರಾತ್ರಿ ಹೊಸ ಪ್ಯಾಡ್. ಆರ್-ವ್ಯಾಲ್ಯೂ 3.2, ದಪ್ಪ ಎಂಟು ಸೆಂಟಿಮೀಟರ್. ಜೊತೆಗೆ ಬಂದ ಪಂಪ್ ಚೀಲದಿಂದಲೇ ಗಾಳಿ ತುಂಬಿದೆ. ಬಾಯಲ್ಲಿ ಊದಬಹುದು, ಆದರೆ ಉಸಿರಿನ ತೇವ ಒಳಗೆ ಸೇರಿ ನಿಧಾನಕ್ಕೆ ಬೂಷ್ಟು ಹಿಡಿಯುತ್ತೆ. ಹತ್ತು ಸಾವಿರ ಅಡಿ ಮೇಲೆ ಇಡೀ ದಿನ ನಡೆದು ಬಂದು ಊದೋಕೆ ಕೂತರೆ ತಲೆ ಸುತ್ತೋದು ಬೇರೆ. ಇನ್ನೊಂದು ಕಾರಣವೂ ಇದೆ. ಉಸಿರಿನ ಗಾಳಿ ಬೆಚ್ಚಗಿರುತ್ತೆ, ಅದು ಮೂವತ್ತು ಡಿಗ್ರಿಯಿಂದ ಸೊನ್ನೆಗೆ ಇಳಿದರೆ ಗಾತ್ರ ಸುಮಾರು ನೂರಕ್ಕೆ ಹತ್ತರಷ್ಟು ಕುಗ್ಗುತ್ತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಚಾರ್ಲ್ಸ್ ನಿಯಮ. ರಾತ್ರಿ ಪ್ಯಾಡ್ ಮೆತ್ತಗಾದ್ರೆ ತೂತು ಅಂತ ಗಾಬರಿ ಬೀಳಬೇಡಿ. ಮಲಗೋಕೆ ಮುಂಚೆ, ಗಾಳಿ ತಣ್ಣಗಾದ ಮೇಲೆ, ಇನ್ನೆರಡು ಸಲ ತುಂಬಿದರೆ ಸರಿ ಹೋಗುತ್ತೆ.

ಬೆನ್ನುನೋವಿನವರಿಗೆ ಗಾಳಿ ಎಷ್ಟು ಅನ್ನೋದೇ ಮುಖ್ಯ. ಲಾರಿ ಟೈರಿನ ಹಾಗೆ ಬಿಗಿಯಾಗಿ ತುಂಬಿದಾಗ ಅಪ್ಪ ಹೊರಳೋಕೆ ಹೋದ್ರೆ ಪ್ಯಾಡ್ ಪಕ್ಕಕ್ಕೆ ತಳ್ಳುತ್ತಿತ್ತು. ಅವರು ಮಲಗೋದು ಮಗ್ಗುಲಲ್ಲಿ, ಮಂಡಿ ಮಧ್ಯೆ ದಿಂಬು ಇಟ್ಕೊಂಡು. ಹಾಗೇ ಮಲಗಿಸಿ, ವಾಲ್ವ್ ಒತ್ತಿ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟೆ. ಸೊಂಟದ ಕೆಳಗೆ ಪ್ಯಾಡ್ ಮತ್ತು ನೆಲದ ಮಧ್ಯೆ ಎರಡು ಬೆರಳಿನಷ್ಟು ಗಾಳಿ ಉಳಿದಿರೋ ಹಾಗೆ, ಅಂದ್ರೆ ಸೊಂಟ ಇಳಿಯಬೇಕು, ನೆಲ ಮುಟ್ಟಬಾರದು. ಅಲ್ಲಿಗೆ ಅಪ್ಪ "ಹಾ, ಬಿಡು" ಅಂದ್ರು. ವಾಲ್ವ್ ಮುಚ್ಚಿದೆ.

ತೊಂದರೆ ಇರಲಿಲ್ಲ ಅಂತಲ್ಲ. ಒಳಗಿನ ಹೊಳೆಯೋ ಹಾಳೆ ಹೊರಳಿದಾಗೆಲ್ಲ ಚಿಪ್ಸ್ ಪ್ಯಾಕೆಟ್ ಥರ ಸದ್ದು ಮಾಡುತ್ತೆ. ಉಪ್ಪಾರಹಳ್ಳಿಯ ರೈಲಿನ ಸದ್ದಿಗೆ ಎಚ್ಚರ ಆಗದ ಅಪ್ಪ ಈ ಸದ್ದಿಗೆ ಎದ್ರು. ಇನ್ನೊಂದು, ತಾರಸಿಗೆ ಮಳೆನೀರು ಹರಿಯೋಕೆ ಕೊಟ್ಟಿರೋ ಇಳಿಜಾರು. ಇಬ್ಬನಿ ಬಿದ್ದ ನೆಲ, ನುಣುಪು ಪ್ಯಾಡ್, ನುಣುಪು ಸ್ಲೀಪಿಂಗ್ ಬ್ಯಾಗ್. ರಾತ್ರಿ ನೀರಿನ ಟ್ಯಾಂಕ್ ಹತ್ತಿರ ಮಲಗಿದವರು ಬೆಳಿಗ್ಗೆ ನೀರು ಹೋಗೋ ಪೈಪಿನ ಹತ್ತಿರ ಇದ್ರು.

ನಾಲ್ಕನೇ ರಾತ್ರಿ ಕೆಳಗೆ ಫೋಮ್, ಮೇಲೆ ಹೊಸ ಪ್ಯಾಡ್. ಜಾರೋದು ನಿಂತಿತು. ಆರ್-ವ್ಯಾಲ್ಯೂಗಳನ್ನ ಕೂಡಬಹುದು ಅನ್ನೋದು ಇದರ ದೊಡ್ಡ ಅನುಕೂಲ, 3.2 ಜೊತೆ ಫೋಮ್‌ನ ಎರಡರ ಹತ್ತಿರದ್ದು ಸೇರಿದರೆ ಐದು ದಾಟುತ್ತೆ. ಇಪ್ಪತ್ತು ಸಾವಿರದ ಪ್ಯಾಡ್ ಕೊಳ್ಳದೆ ಹಿಮಕ್ಕೆ ಬೇಕಾದ ಲೆಕ್ಕ ಸಿಕ್ಕಿತು. ತುಮಕೂರಿನ ತಾರಸಿಯಲ್ಲಿ ಹಿಮ ಇಲ್ಲ, ಹಾಗಾಗಿ ಚಳಿಯ ವಿಷಯದಲ್ಲಿ ನಾನು ನಂಬಿರೋದು ಈ ಸಂಖ್ಯೆಯನ್ನ. ಬೆನ್ನಿನ ವಿಷಯದಲ್ಲಿ ನಂಬಿರೋದು ಅಮ್ಮನನ್ನ. ಅವತ್ತು ಬೆಳಿಗ್ಗೆ ಐದೂವರೆಗೆ ಕಾಫಿ ತಗೊಂಡು ಹೋದವರು ಹಾಗೇ ವಾಪಸ್ ಬಂದು, "ಗೊರಕೆ ಹೊಡೀತಿದ್ದಾರೆ, ಎಬ್ಬಿಸಲಿಲ್ಲ" ಅಂದ್ರು. ಅರ್ಧ ಗಂಟೆ ಆದ ಮೇಲೆ ಅಪ್ಪ ಯಾವ ಗೋಡೆಯನ್ನೂ ಹಿಡಿಯದೆ ಎದ್ದು ಬಂದ್ರು.

ಅದಾದ ಮೇಲೆ ಒಂದು ವೀಕೆಂಡ್ ಗುಬ್ಬಿ ಹತ್ತಿರ ಮಾವನ ತೋಟದಲ್ಲಿ ಟೆಂಟ್ ಹಾಕಿ ಮಲಗಿದ್ವಿ. ತೆಂಗಿನ ಮರದ ಕೆಳಗಲ್ಲ, ಕಣದಲ್ಲಿ. ಯಾವ ಆರ್-ವ್ಯಾಲ್ಯೂಗೂ ತೆಂಗಿನಕಾಯಿ ತಡೆಯೋ ಶಕ್ತಿ ಇಲ್ಲ. ಬೆಳಗಾಗೋ ಹೊತ್ತಿಗೆ ಪ್ಯಾಡ್ ಅರ್ಧ ಇಳಿದಿತ್ತು, ಇದು ಚಾರ್ಲ್ಸ್ ನಿಯಮ ಅಲ್ಲ, ಜಾಲಿಮುಳ್ಳು. ಟೆಂಟಿನ ತಳ, ಪ್ಯಾಡ್ ಎರಡನ್ನೂ ದಾಟಿತ್ತು. ಫೋಮ್ ಮ್ಯಾಟ್ ಅವತ್ತು ಮನೆಯಲ್ಲೇ ಇತ್ತು. ಅಪ್ಪ ಪಂಪ್‌ಸೆಟ್ ತೊಟ್ಟಿಯಲ್ಲಿ ಪ್ಯಾಡನ್ನ ಸ್ವಲ್ಪ ಸ್ವಲ್ಪ ಮುಳುಗಿಸಿ, ಗುಳ್ಳೆ ಬಂದ ಕಡೆ ಪೆನ್ನಲ್ಲಿ ಗುರುತು ಹಾಕಿ, ಒಣಗಿಸಿ, ಡಬ್ಬಿಯಲ್ಲಿ ಬಂದಿದ್ದ ಪ್ಯಾಚ್ ಅಂಟಿಸಿದ್ರು. ಹತ್ತು ನಿಮಿಷದ ಕೆಲಸ. ಮೂವತ್ತು ವರ್ಷ ಟ್ಯೂಬ್ ಪಂಕ್ಚರ್ ನೋಡಿದ ಕೈ. ಎರಡು ವಾರ ಆಯ್ತು, ಸೋರಿಲ್ಲ. ಹಿಮದಲ್ಲಿ ಮುಳ್ಳು ಇರಲ್ಲ, ಆದರೆ ಬೂಟಿನ ಕೆಳಗೆ ಕಟ್ಟೋ ಕಬ್ಬಿಣದ ಹಲ್ಲುಗಳಿರುತ್ತವೆ. ಅವನ್ನ ಟೆಂಟಿನ ಹೊರಗೇ ಬಿಚ್ಚಬೇಕು, ಪ್ಯಾಚ್ ಬ್ಯಾಗಿನಲ್ಲಿ ಕೈಗೆ ಸಿಗೋ ಜಾಗದಲ್ಲಿರಬೇಕು. ಪೂರ್ತಿ ಇಳಿದುಹೋದ್ರೂ ಕೆಳಗಿನ ಫೋಮ್ ಇರುತ್ತೆ. ಎರಡು ಪದರದ ವ್ಯವಸ್ಥೆ ನನಗೆ ಇಷ್ಟ ಆಗೋದು ಅದಕ್ಕೂ ಹೌದು. ಆಫೀಸಲ್ಲಿ ಬ್ಯಾಕಪ್ ಇಲ್ಲದೆ ಏನನ್ನೂ ಪ್ರೊಡಕ್ಷನ್‌ಗೆ ಬಿಡಲ್ಲ, ಅಪ್ಪನನ್ನ ಬಿಡ್ತೀನಾ?

ಟಿಕೆಟ್ ಬುಕ್ ಆಗಿದೆ. ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ, ಎರಡನೇ ದಿನ ಬೆಳಿಗ್ಗೆ ಅಪ್ಪ ಬೆನ್ನು ಹಿಡ್ಕೊಂಡು ಎದ್ರೆ ಅಲ್ಲಿಂದಲೇ ಇಬ್ಬರೂ ಇಳೀಬೇಕು, ವಾದ ಇಲ್ಲ. ಅಪ್ಪ ತಲೆ ಆಡಿಸಿದ್ದಾರೆ. ಟ್ರೆಕ್ ಲೀಡರ್‌ಗೂ ಫೋನ್ ಮಾಡಿ ಹೇಳಿದ್ದೀನಿ.

ಮುಂದಿನ ಸಲ ಶೂ ಬಗ್ಗೆ ಬರೀತೀನಿ. ಅಪ್ಪ ಡ್ಯೂಟಿಗೆ ಹಾಕ್ತಿದ್ದ ಕ್ಯಾನ್ವಾಸ್ ಶೂನಲ್ಲೇ ಬರ್ತೀನಿ ಅಂತ ಕೂತಿದ್ದಾರೆ.