ಉಪ್ಪು ಸುರಿದರೆ ಕೊಳ ತಿಳಿಯಾದೀತೆ?

ಬೇಸಿಗೆ ರಜೆ ಬಂತು. ಊರಿನ ಈಜುಕೊಳದ ಮುಂದೆ ಮಕ್ಕಳ ಸಾಲು. ಒಳಗೆ ನೀರು ಮಾತ್ರ ಪಾಚಿ ಹಸಿರು. ಕೇಳಿದರೆ, ‘ಇದು ಉಪ್ಪುನೀರಿನ ಕೊಳ ಸ್ವಾಮಿ, ಕ್ಲೋರಿನ್ ಬೇಕಾಗಿಲ್ಲ. ಇನ್ನೆರಡು ಮೂಟೆ ಉಪ್ಪು ಹಾಕ್ತೀವಿ ಬಿಡಿ’ ಎಂಬ ಉತ್ತರ!

ಇದು ಶುದ್ಧ ತಪ್ಪು ತಿಳಿವಳಿಕೆ. ಲೀಟರಿಗೆ 3-4 ಗ್ರಾಂ ಉಪ್ಪಿನಿಂದ ರೋಗಾಣು ಸಾಯುವುದಿಲ್ಲ. ಆ ನೀರು ಯಂತ್ರದ ತಗಡುಗಳ ನಡುವೆ ಹರಿಯುವಾಗ ವಿದ್ಯುತ್ತಿನಿಂದ ಕ್ಲೋರಿನ್ ಹುಟ್ಟುತ್ತದೆ. ಕೆಲಸ ಮಾಡುವುದು ಅದೇ. ಬೋರ್‌ವೆಲ್ಲಿನ ಗಡಸು ನೀರಿನಿಂದ ತಗಡಿಗೆ ಸುಣ್ಣದ ಪೊರೆ ಕಟ್ಟಿದ್ದರೆ, ಪಂಪು ಸರಿಯಾಗಿ ಓಡದಿದ್ದರೆ, ಮೂಟೆಗಟ್ಟಲೆ ಉಪ್ಪು ಸುರಿದರೂ ಅಷ್ಟೇ. ಇಂಥ ಕೊಳದಲ್ಲಿ ಪಿಎಚ್ ತಾನಾಗಿ ಏರುತ್ತದೆ. ಅದು 8 ದಾಟಿದರೆ ಇದ್ದ ಕ್ಲೋರಿನ್ನೂ ಸೋಮಾರಿ.

ಹಾಗಂತ ನೀರೆಲ್ಲ ಚರಂಡಿಗೆ ಬಿಡಬೇಡಿ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅಂದರೆ ನಾಲ್ಕೂವರೆ ಲಕ್ಷ ಲೀಟರಿಗೂ ಮೇಲೆ. ನಲ್ಲಿ ಮುಂದೆ ಕೊಡ ಇಟ್ಟು ಕಾಯುವ ಊರಿಗೆ ಇದು ತರವಲ್ಲ. ತಗಡು ತೊಳೆಯಿರಿ. ಆಮ್ಲ ಹಾಕಿ ಪಿಎಚ್ ಅನ್ನು 7.2ರಿಂದ 7.8ರೊಳಗೆ ತನ್ನಿ. ಆಮೇಲೆ ಹೆಚ್ಚುವರಿ ಕ್ಲೋರಿನ್ ಕೊಡಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಿಷಗಾಳಿ, ಜೋಕೆ! ಪಾಚಿ ಉಜ್ಜಿ, ಫಿಲ್ಟರ್ ಬಿಡದೆ ಓಡಿಸಿ. ದಿನದ ಪರೀಕ್ಷೆಯ ಲೆಕ್ಕ ಗೇಟಿನ ಹಲಗೆಯ ಮೇಲೆ ಬರೆಯಿರಿ.

ತಳ ಕಾಣದ ಕೊಳದಲ್ಲಿ ಮುಳುಗಿದ ಮಗುವೂ ಕಾಣದು. ತಳ ಕಾಣುವ ತನಕ ಗೇಟಿಗೆ ಬೀಗ ಹಾಕಿ. ಟಿಕೆಟ್ ಹಣ ಎಣಿಸಿಕೊಂಡವರೇ, ಉಪ್ಪು ತಿಂದವರು ನೀರು ಕುಡಿಯಲೇಬೇಕು. ಆ ನೀರು ಹೇಗಿದೆ, ಒಮ್ಮೆ ಬಗ್ಗಿ ನೋಡಿ!