ಮಂಜನ್ನು ಅಳಿಸಬಹುದೆ?

ರಾತ್ರಿಯ ಹೊತ್ತು ನೀರಿನ ಆಚೆದಡದ ನಗರವನ್ನು ಚಿತ್ರಿಸಹೊರಟ ಛಾಯಾಗ್ರಾಹಕನು, ಮಂಜು ಕವಿಯಿತೆಂದರೆ ಹಿಂದೆ ಕೈಚೆಲ್ಲಿ ಮನೆಗೆ ಮರಳುತ್ತಿದ್ದನು, ಇಲ್ಲವೆ ಮಂಜನ್ನೇ ಚಿತ್ರಿಸಿಕೊಂಡು ಬರುತ್ತಿದ್ದನು. ಈಗ ಮೂರನೆಯ ದಾರಿಯೊಂದು ತೆರೆದಿದೆ. ಅಡೋಬಿ ಸಂಸ್ಥೆಯ ತಂತ್ರಾಂಶದಲ್ಲಿ 2015ರಿಂದ ‘ಡೀಹೇಜ್’ ಎಂಬ ಸಾಧನವುಂಟು. ಕಂಪ್ಯೂಟರಿನ ಮುಂದೆ ಕುಳಿತು ಒಂದು ಗುಂಡಿಯನ್ನು ಬಲಕ್ಕೆ ಸರಿಸಿದರೆ ಕಾವಳ ತೆಳುವಾಗಿ, ಕಟ್ಟಡಗಳ ಅಂಚುಗಳು ಎದ್ದು ಕಾಣತೊಡಗುತ್ತವೆ. ಇದನ್ನು ಚಿತ್ರದ ಸುಧಾರಣೆಯೆಂದು ಕರೆಯುವುದು ವಾಡಿಕೆಯಾಗಿದೆ. ಆ ಮಾತನ್ನು ನಾನು ಒಪ್ಪಲಾರೆ.

ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ತೆಗೆದುಕೊಳ್ಳೋಣ. ಅದರ ಕೊಲ್ಲಿಯಲ್ಲಿ, 1939ರ ಮಹಾಪ್ರದರ್ಶನಕ್ಕಾಗಿ ಮನುಷ್ಯರೇ ನಿರ್ಮಿಸಿದ ಟ್ರೆಷರ್ ಐಲೆಂಡ್ ಎಂಬ ನಡುಗಡ್ಡೆಯಿದೆ. ಅದರ ಪಶ್ಚಿಮದ ದಡದಲ್ಲಿ ನಿಂತವನಿಗೆ ನೀರಿನಾಚೆಯ ನಗರ ಒಂದೇ ನೋಟಕ್ಕೆ ದೊರೆಯುತ್ತದೆ: ಎಡಕ್ಕೆ 1936ರಲ್ಲಿ ತೆರೆದ ಬೇ ಸೇತುವೆ, ಎದುರಿಗೆ 1972ರಲ್ಲಿ ಮುಗಿದ 260 ಮೀಟರ್ ಎತ್ತರದ ಟ್ರಾನ್ಸ್‌ಅಮೆರಿಕಾ ಪಿರಮಿಡ್, ಅದನ್ನೂ ಮೀರಿಸಿ 2018ರಲ್ಲಿ ತೆರೆದ 326 ಮೀಟರಿನ ಸೇಲ್ಸ್‌ಫೋರ್ಸ್ ಗೋಪುರ. ಬೇಸಿಗೆಯಲ್ಲಿ ಪೆಸಿಫಿಕ್ ಸಾಗರದ ತೇವದ ಗಾಳಿ ಕರಾವಳಿಯ ತಣ್ಣೀರಿನ ಮೇಲೆ ಹಾದುಬರುವಾಗ ತಂಪಾಗಿ ಮಂಜಾಗುತ್ತದೆ. ಒಳನಾಡಿನ ಕಾದ ಕಣಿವೆ ಗಾಳಿಯನ್ನು ತನ್ನೆಡೆಗೆ ಸೆಳೆಯುವುದರಿಂದ, ಆ ಮಂಜು ಗೋಲ್ಡನ್ ಗೇಟ್ ಎಂಬ ಕಂಡಿಯ ಮೂಲಕ ಕೊಲ್ಲಿಯೊಳಕ್ಕೆ ನುಗ್ಗುತ್ತದೆ. ಗೋಪುರಗಳ ತಲೆಗಳು ಕಾಣದಾಗುತ್ತವೆ. ಕೆಳಗಿನ ದೀಪಗಳ ಬೆಳಕು ಮಂಜಿನೊಳಗೆ ಹರಡಿ, ಆಕಾಶವೇ ಒಳಗಿನಿಂದ ಬೆಳಗಿದಂತೆ ತೋರುತ್ತದೆ. ಅಲ್ಲಿಯವರಿಗೆ ಇದು ವರ್ಷವರ್ಷವೂ ಕಾಣುವ ನೋಟ. ಇದನ್ನು ಚಿತ್ರದಲ್ಲಿ ಕಲೆಯೆಂದು ಬಗೆದು ಒರೆಸುವುದು ಯಾವ ನ್ಯಾಯ?

ಮಂಜಿಗೆ ತನ್ನದೆಂಬ ಬಣ್ಣವಿಲ್ಲ. ಅದರ ಹನಿಗಳು ಬೆಳಕಿನ ಅಲೆಗಳಿಗಿಂತ ಬಹಳ ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದರಿಸುತ್ತವೆ. ಸೋಡಿಯಂ ದೀಪಗಳಿದ್ದ ಬೀದಿಯ ಮೇಲೆ ಮಂಜು ಕಿತ್ತಳೆಯಾಗಿತ್ತು. ಎಲ್‌ಇಡಿ ದೀಪಗಳು ಬಂದ ಕಡೆ ಬೆಳ್ಳಗಾಗಿದೆ. ನಗರವು ಎಷ್ಟು ಬೆಳಕನ್ನು ಮೇಲಕ್ಕೆ ಚೆಲ್ಲುತ್ತಿದೆ, ಎಂಥ ಬೆಳಕನ್ನು ಚೆಲ್ಲುತ್ತಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಕ್ಯಾಮರಾ ಎಂದಾದರೂ ಕಣ್ಣು ಕಂಡದ್ದನ್ನೇ ತೋರಿಸಿದೆಯೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮರಾ ನಿಲ್ಲಿಸಿ 30 ಸೆಕೆಂಡು ಷಟರ್ ತೆರೆದಿಟ್ಟರೆ, ಅಲೆಗಳೆಲ್ಲ ಅಡಗಿ ನೀರು ಗಾಜಿನ ಹಾಗೆ ಕಾಣುತ್ತದೆ. ಅಂಥ ನೀರನ್ನು ಯಾರ ಕಣ್ಣೂ ಕಂಡಿಲ್ಲ. ಪ್ಯಾರಿಸ್ಸಿನ ರಾತ್ರಿಗಳ ಚಿತ್ರಗಳನ್ನು 1933ರಲ್ಲಿ ಪುಸ್ತಕವಾಗಿ ತಂದ ಬ್ರಸಾಯ್, ಸಿಗರೇಟೊಂದು ಉರಿದು ಮುಗಿಯುವವರೆಗೆ ಷಟರ್ ತೆರೆದಿಡುತ್ತಿದ್ದನಂತೆ. ಹೀಗಿದ್ದರೂ ಆ ಹೊತ್ತಿನಲ್ಲಿ ಫಿಲ್ಮಿನ ಮೇಲೆ ಬಿದ್ದ ಬೆಳಕೆಲ್ಲ ಎದುರಿನಿಂದ ಬಂದದ್ದೇ. ಕ್ಯಾಮರಾ ಅದನ್ನು ಕೂಡಿಸಿತು, ಅಷ್ಟೆ. ಡೀಹೇಜ್ ಮಾಡುವ ಕೆಲಸವೇ ಬೇರೆ. ನಡುವೆ ಮಂಜಿಲ್ಲದಿದ್ದರೆ ನಗರ ಹೇಗೆ ಕಾಣುತ್ತಿತ್ತೆಂದು ಅದು ಊಹಿಸುತ್ತದೆ. ಮಂಜು ನುಂಗಿದ ಕಿಟಕಿಗಳನ್ನು ತಾವೇ ಕಲ್ಪಿಸಿ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ.

ತಿದ್ದುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಳಗುವ ಮಂಜನ್ನು ಕಂಡು ಮೋಸಹೋದ ಬೆಳಕಿನ ಮಾಪಕವು ಚಿತ್ರವನ್ನು ಕಪ್ಪಾಗಿಸುತ್ತದೆ, ಅದನ್ನು ಸರಿಪಡಿಸಲೇಬೇಕು. ಲೆನ್ಸಿನ ಮೇಲೆ ಕುಳಿತ ತೇವವನ್ನು ಬಟ್ಟೆಯಿಂದ ಒರೆಸದೆ ಗತಿಯಿಲ್ಲ. ನಗರದ ಮೇಲೆ ಕುಳಿತ ತೇವವನ್ನು ಒರೆಸುವುದು ಆ ಜಾತಿಯ ಕೆಲಸವಲ್ಲ.

ಉಳಿಸಿಕೊಂಡ ಮಸುಕಿನಿಂದ ಏನು ಪ್ರಯೋಜನವೆಂಬುದನ್ನು ಲಂಡನ್ನಿನಿಂದ ತಿಳಿಯಬಹುದು. ಅಲ್ಲಿಯದು ಸಮುದ್ರದ ಮಂಜಲ್ಲ. ಕಲ್ಲಿದ್ದಲ ಹೊಗೆ ಬೆರೆತ ಮಂಜು. ವರ್ಣಚಿತ್ರಕಾರ ಮೊನೆ 1899ರಿಂದ 1901ರವರೆಗೆ ಹಲವು ಬಾರಿ ಅಲ್ಲಿಗೆ ಹೋಗಿ, ಥೇಮ್ಸ್ ನದಿಯ ಆಚೆಗೆ ಮಸುಕಾಗಿ ನಿಂತ ಪಾರ್ಲಿಮೆಂಟ್ ಭವನವನ್ನು ಮತ್ತೆ ಮತ್ತೆ ಚಿತ್ರಿಸಿದನು. 1952ರ ಡಿಸೆಂಬರಿನಲ್ಲಿ ಅಂಥ ಹೊಗೆಮಂಜೇ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. 1956ರಲ್ಲಿ ಶುದ್ಧ ವಾಯು ಕಾಯಿದೆ ಬಂದಿತು. ಟರ್ನರ್ ಮತ್ತು ಮೊನೆಯ ಚಿತ್ರಗಳಲ್ಲಿ ಅಂಚುಗಳು ಮಸುಕಾಗುತ್ತ ಹೋದುದಕ್ಕೂ ಆ ಕಾಲದಲ್ಲಿ ಗಾಳಿಯ ಕೊಳೆ ಏರುತ್ತ ಹೋದುದಕ್ಕೂ ಹೊಂದಿಕೆಯಿದೆಯೆಂದು 2023ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ತೋರಿಸಿತು. ಮೊನೆ ಆ ಮಸುಕನ್ನು ತನ್ನ ಚಿತ್ರಗಳಿಂದ ತೆಗೆದುಹಾಕಿದ್ದರೆ ಇಂಥ ಪರೀಕ್ಷೆಗೆ ಅವು ಒದಗುತ್ತಿರಲಿಲ್ಲ. ಚಳಿಗಾಲದ ದೆಹಲಿಯನ್ನು ಯಮುನೆಯ ದಡದಿಂದ ಚಿತ್ರಿಸಿ, ಹೊಗೆಮಂಜನ್ನೆಲ್ಲ ಅಳಿಸಿ, ಹೊಳೆಯುವ ನಗರವೊಂದನ್ನು ಗೋಡೆಗೆ ತೂಗುಹಾಕುವವನು ಮುಂದಿನವರಿಗೆ ಯಾವ ಸಾಕ್ಷಿಯನ್ನು ಬಿಟ್ಟುಹೋಗುತ್ತಾನೆ?

ಹಿಂದೆ ಛಾಯಾಚಿತ್ರದ ಪತ್ರಿಕೆಗಳು ಚಿತ್ರದ ಕೆಳಗೆ ಷಟರಿನ ವೇಗವನ್ನೂ ಅಪರ್ಚರಿನ ಅಳತೆಯನ್ನೂ ಅಚ್ಚುಹಾಕುತ್ತಿದ್ದವು. ಸ್ಪರ್ಧೆ, ಪ್ರದರ್ಶನಗಳನ್ನು ನಡೆಸುವವರು ಆ ಪದ್ಧತಿಯನ್ನು ಮತ್ತೆ ಹಿಡಿಯಲಿ. ಷಟರ್ ಎಷ್ಟು ಹೊತ್ತು ತೆರೆದಿತ್ತೆಂಬುದರ ಪಕ್ಕದಲ್ಲಿ, ಮಂಜನ್ನು ತೆಗೆದದ್ದುಂಟೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಸಲಿ. ತೆಗೆದ ಚಿತ್ರಗಳು ಚೆನ್ನಾಗಿದ್ದರೆ ಅವಕ್ಕೂ ಬಹುಮಾನ ಕೊಡಲಿ, ನನ್ನ ತಕರಾರಿಲ್ಲ. ಅವಕ್ಕೆ ಬೇರೊಂದು ಗೋಡೆಯನ್ನು ಕೊಟ್ಟರೆ ಸಾಕು.