ಕ್ಯಾಮರಾ ಕೊಳ್ಳುವ ಮುನ್ನ

ಛಾಯಾಚಿತ್ರದ ವೃತ್ತಿಗೆ ಇಳಿಯಬೇಕೆಂದು ಹಂಬಲಿಸುವ ಹುಡುಗನೊಬ್ಬನು ಈಗ ಅನೇಕ ವಾಚಕರ ಮನೆಯಲ್ಲಿ ಇರಬಹುದು. ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ನಡುವಣ ಹಾದಿಯಲ್ಲಿರುವ ಮಂಚೇನಹಳ್ಳಿಯಂಥ ಊರಿನಲ್ಲಿ ಆ ವೃತ್ತಿಗೆ ಆಧಾರವೆಂದರೆ ಮದುವೆ, ನಾಮಕರಣ, ಗೃಹಪ್ರವೇಶಗಳೇ. ಸಾಮಗ್ರಿಯ ಬೆಲೆಯೋ ಲಕ್ಷಗಳ ಮಾತು. ಒಡವೆಯನ್ನು ಒತ್ತೆಯಿಟ್ಟು ಕೊಳ್ಳುವುದೂ ಉಂಟು. ಆದುದರಿಂದ ಕ್ಯಾನನ್ನೋ, ನಿಕಾನೋ, ಸೋನಿಯೋ ಎಂಬ ಪ್ರಶ್ನೆಯು ಹುಡುಗನದು ಮಾತ್ರವಲ್ಲ, ಮನೆಯ ಯಜಮಾನರದೂ ಆಗಿದೆ.

ಚಿತ್ರದ ಸೊಗಸಿನಲ್ಲಿ ಈ ಮೂರಕ್ಕೂ ಈಗ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವಿರುವುದು ಲೆನ್ಸು ಕೂರುವ ಬಳೆಯಲ್ಲಿ. ಒಬ್ಬರ ಲೆನ್ಸು ಇನ್ನೊಬ್ಬರ ಬಳೆಗೆ ನೇರವಾಗಿ ಹೊಂದದು. ಕ್ಯಾಮರಾ ಕೆಲವೇ ವರುಷಗಳಲ್ಲಿ ಹಳತಾಗುತ್ತದೆ, ಒಳ್ಳೆಯ ಲೆನ್ಸು ಬಹುಕಾಲ ಬಾಳುತ್ತದೆ. ಕ್ಯಾಮರಾ ಕೊಳ್ಳುವುದೆಂದರೆ ಒಂದು ಮನೆತನದೊಡನೆ ಬೀಗತನ ಬೆಳೆಸಿದಂತೆಯೇ ಸರಿ.

ನಿಕಾನಿನವರು 1959ರ ತಮ್ಮ ಬಳೆಯನ್ನು ಹತ್ತಾರು ವರುಷ ಬಿಡಲಿಲ್ಲ. ಕ್ಯಾನನ್ನಿನವರು 1987ರಲ್ಲಿ ಹಳೆಯದನ್ನು ಕೈಬಿಟ್ಟು ಇ.ಎಫ್. ಎಂಬುದನ್ನು ತಂದರು. 2018ರಲ್ಲಿ, ಒಳಗೆ ಕನ್ನಡಿಯಿಲ್ಲದ ದೊಡ್ಡ ಸೆನ್ಸರಿನ ಕ್ಯಾಮರಾಗಳಿಗಾಗಿ ಇಬ್ಬರೂ ಹೊಸ ಬಳೆ ತೊಡಿಸಿದರು. ನಡುವೆ ಅಡಾಪ್ಟರ್ ಸೇರಿಸಿದರೆ ಇ.ಎಫ್. ಲೆನ್ಸುಗಳು ಇಲ್ಲಿಯೂ ತಾವಾಗಿಯೇ ಫೋಕಸ್ ಆಗುತ್ತವೆ. ನಿಕಾನಿನ ಹಳೆಯ ಲೆನ್ಸುಗಳಲ್ಲಿ ಒಳಗೆ ಮೋಟಾರಿಲ್ಲದವು ಆ ಕಂಪೆನಿಯ ಎಫ್.ಟಿ.ಝಡ್. ಅಡಾಪ್ಟರಿಗೆ ಕೂರುವುವು, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಸೋದರಮಾವನ ಹಳೆಯ ಲೆನ್ಸು ಮನೆಯಲ್ಲಿದೆಯೆಂದು ಹಿಗ್ಗುವವರು ಇದನ್ನು ಮೊದಲೇ ಪರೀಕ್ಷಿಸತಕ್ಕದ್ದು.

ಸೋನಿಯವರು 2011ರಲ್ಲಿಯೇ ತಮ್ಮ ಬಳೆಯ ವಿವರಗಳನ್ನು ಇತರರಿಗೆ ತೆರೆದರು. ಆದುದರಿಂದ ಸಿಗ್ಮಾ, ಟ್ಯಾಮ್ರಾನ್ ಮೊದಲಾದವರ ಲೆನ್ಸುಗಳು ಅದಕ್ಕೆ ಹೇರಳವಾಗಿಯೂ ಮಿತವಾದ ಬೆಲೆಗೂ ದೊರೆಯುತ್ತವೆ. ಕ್ಯಾನನ್ನಿನ ಹೊಸ ಬಳೆಗಾದರೋ ಆ ಇಬ್ಬರೂ 2024ರಲ್ಲಿ, ಅದೂ ಚಿಕ್ಕ ಸೆನ್ಸರಿನ ಕ್ಯಾಮರಾಗಳಿಗೆ, ಲೆನ್ಸು ಪ್ರಕಟಿಸಿದರು. ಕೈ ಬಿಗಿಯಿರುವ ಮನೆಗೆ ಇದು ಸಣ್ಣ ಸಂಗತಿಯಲ್ಲ.

ಇನ್ನು ಮದುವೆಯ ಮಾತು. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿಸಲಾಗದು. ಕಾರ್ಡು ಕೆಟ್ಟರೆ ಬೀಗರ ಮುಂದೆ ತಲೆಯೆತ್ತಲಾಗದು. ಎರಡು ಕಾರ್ಡು ಹಿಡಿಯುವ ಕ್ಯಾಮರಾವನ್ನೇ ಕೊಳ್ಳಬೇಕೆಂದು ನನ್ನ ಹಟ. ಹೆಸರನ್ನು ಮಾತ್ರ ನೋಡಿ ಕೊಂಡರೆ ಸಾಲದು: ಕ್ಯಾನನ್ ಆರ್, ನಿಕಾನ್ ಝಡ್ 6, ಮೊದಲ ಸೋನಿ ಎ 7, ಈ ಮೂರರಲ್ಲಿಯೂ ಒಂದೊಂದೇ ಕಾರ್ಡು. ಕ್ಯಾನನ್ ಆರ್ 6, ನಿಕಾನ್ ಝಡ್ 6 ಎರಡನೆಯ ಆವೃತ್ತಿ, ಸೋನಿ ಎ 7 ಮೂರನೆಯ ಆವೃತ್ತಿ, ಇವುಗಳಲ್ಲಿ ಎರಡೆರಡು. ಕನ್ನಡಿಯಿಲ್ಲದವು ಬ್ಯಾಟರಿಯನ್ನು ಬೇಗನೆ ತಿನ್ನುವುದರಿಂದ ಹೆಚ್ಚಿನ ಎರಡು ಬ್ಯಾಟರಿಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಛತ್ರದ ಎಲ್.ಇ.ಡಿ. ದೀಪಗಳ ಕೆಳಗೆ ಸದ್ದಿಲ್ಲದ ಷಟರ್ ಬಳಸಿದರೆ ಚಿತ್ರದ ಮೇಲೆ ಪಟ್ಟೆಪಟ್ಟೆ ಮೂಡುವುದುಂಟು. ವೋಲಗದ ನಡುವೆ ಷಟರಿನ ಸದ್ದು ಯಾರಿಗೆ ತಾನೇ ಕೇಳೀತು!

ಹಣ ಸಾಲದಿದ್ದರೆ ಬಳಸಿದ ಕ್ಯಾಮರಾವನ್ನು ಕೊಂಡು, ಉಳಿದುದನ್ನು ಒಳ್ಳೆಯ ಲೆನ್ಸಿಗೆ ಹಾಕುವುದು ಲೇಸು. ಹತ್ತಿರದ ಛಾಯಾಗ್ರಾಹಕರಲ್ಲಿ ಹೆಚ್ಚಿನವರು ಯಾವುದನ್ನು ಬಳಸುತ್ತಿರುವರೆಂದು ವಿಚಾರಿಸಿ. ಲಗ್ನದ ದಿನ ಲೆನ್ಸು ಕೈಕೊಟ್ಟರೆ ಎರವಲು ತರಬೇಕಾದುದು ಅವರಿಂದಲೇ.